ಅತ್ತೆ ಒಡೆದ ಮಡಕೆ: ಅಮೆರಿಕದ ರಾಜಕೀಯದ ಇಬ್ಬಗೆ ನೀತಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ನ್ಯೂಜೆರ್ಸಿಗೆ ಬಂದು ಹದಿನೈದು ವರ್ಷದ ಮೇಲಾಯಿತು. ಇಲ್ಲಿ ಚುನಾವಣೆ ಹತ್ತಿರ ಬಂತೆಂದರೆ ಮೈಸೂರಿನಿಂದ ಭಾವನ ಫೋನು, ಶಿವಮೊಗ್ಗದಿಂದ ಚಿಕ್ಕಪ್ಪನ ವಾಟ್ಸಾಪ್ ಮೆಸೇಜು ಶುರು. "ಏನೋ ಇದು, ನಿನ್ನೆ ಒಂದು ಹೇಳಿದವರು ಇವತ್ತು ಇನ್ನೊಂದು ಹೇಳ್ತಾರಲ್ಲ ನಿಮ್ಮ ಕಡೆ?" ಅನ್ನೋದೇ ಎಲ್ಲರ ಪ್ರಶ್ನೆ. ಒಬ್ಬೊಬ್ಬರಿಗೂ ಬಿಡಿಸಿ ಹೇಳಿ ಸಾಕಾಯಿತು. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

ಇಬ್ಬಗೆ ನೀತಿ ಅಂದ್ರೆ ಸುಳ್ಳು ಹೇಳೋದಾ?

ಅಲ್ಲ. ಅತ್ತೆ ಒಡೆದ ಮಡಕೆಗೆ ಬೆಲೆಯಿಲ್ಲ ಅಂತ ನಮ್ಮಲ್ಲಿ ಗಾದೆ ಇದೆಯಲ್ಲ, ಅದೇ ಇದು. ಅದೇ ಮಡಕೆ ಸೊಸೆಯ ಕೈಯಿಂದ ಜಾರಿದ್ದರೆ ಬೀದಿಗೆಲ್ಲ ಕೇಳಿಸುತ್ತಿತ್ತು. ಒಡೆದದ್ದು ತಪ್ಪೋ ಅಲ್ಲವೋ ಅನ್ನುವುದನ್ನು, ಒಡೆದವರು ಯಾರು ಅಂತ ನೋಡಿಕೊಂಡು ತೀರ್ಮಾನಿಸುವುದು ಇಬ್ಬಗೆ ನೀತಿ.

ಸೋಗಲಾಡಿತನ ಸ್ವಲ್ಪ ಬೇರೆ. ಅದು ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅನ್ನುವ ಜಾತಿಯದು. 2020ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಗ್ಯಾವಿನ್ ನ್ಯೂಸಮ್ ಜನರಿಗೆ ಗುಂಪು ಸೇರಬೇಡಿ ಎಂದು ಹೇಳುತ್ತಲೇ, ತಾವು 'ಫ್ರೆಂಚ್ ಲಾಂಡ್ರಿ' ಅನ್ನುವ ಭಾರೀ ದುಬಾರಿ ರೆಸ್ಟೋರೆಂಟಿನಲ್ಲಿ ಸ್ನೇಹಿತರ ಹುಟ್ಟುಹಬ್ಬದ ಊಟಕ್ಕೆ ಕೂತಿದ್ದರು. ಫೋಟೊ ಹೊರಬಂತು, ಕ್ಷಮೆ ಕೇಳಿದರು. ಅದು ಸೋಗಲಾಡಿತನ. 'ನಮ್ಮವರು' ಅಂತ ಅವರನ್ನು ಸುಮ್ಮನೆ ಬಿಟ್ಟು, ಮಾಸ್ಕ್ ಹಾಕದ ಎದುರು ಪಕ್ಷದವರನ್ನು ಮಾತ್ರ ಜಾಡಿಸಿದವರದ್ದು ಇಬ್ಬಗೆ ನೀತಿ. ಮೊದಲನೆಯದು ಒಬ್ಬ ಮನುಷ್ಯನ ದೌರ್ಬಲ್ಯ. ಎರಡನೆಯದು ಇಡೀ ಊರಿಗೆ ಅಂಟುವ ರೋಗ. ಈ ಬರಹ ಹೆಚ್ಚಾಗಿ ಎರಡನೆಯದರ ಬಗ್ಗೆ.

ಒಂದೇ ಒಂದು ಉದಾಹರಣೆ ಕೊಡಿ ಅಂದ್ರೆ ಯಾವುದು ಕೊಡ್ತೀರಿ?

ಸುಪ್ರೀಂ ಕೋರ್ಟಿನ ಎರಡು ಖಾಲಿ ಕುರ್ಚಿಗಳ ಕತೆ. ಅದನ್ನು ಮೀರಿಸುವುದು ಇನ್ನೂ ಸಿಕ್ಕಿಲ್ಲ.

2016ರ ಫೆಬ್ರವರಿ 13ರಂದು ನ್ಯಾಯಮೂರ್ತಿ ಆಂಟೊನಿನ್ ಸ್ಕಲಿಯಾ ತೀರಿಕೊಂಡರು. ಆಗ ಅಧ್ಯಕ್ಷ ಒಬಾಮಾ, ಅವರು ಡೆಮಾಕ್ರಟ್. ಅಧ್ಯಕ್ಷರು ಕಳಿಸಿದ ಹೆಸರಿಗೆ ಒಪ್ಪಿಗೆ ಕೊಡಬೇಕಾದ ಮೇಲ್ಮನೆ, ಅಂದರೆ ಸೆನೆಟ್, ಮಾತ್ರ ಎದುರು ಪಕ್ಷದ ರಿಪಬ್ಲಿಕನರ ಕೈಯಲ್ಲಿತ್ತು. ಮಾರ್ಚ್‌ನಲ್ಲಿ ಒಬಾಮಾ ಮೆರಿಕ್ ಗಾರ್ಲೆಂಡ್ ಹೆಸರು ಕಳಿಸಿದರು. ಚುನಾವಣೆಗೆ ಇನ್ನೂ ಎಂಟು ತಿಂಗಳು ಬಾಕಿ. ಸೆನೆಟಿನ ರಿಪಬ್ಲಿಕನ್ ನಾಯಕ ಮಿಚ್ ಮೆಕಾನಲ್ ಆಗಲೇ ಖಡಾಖಂಡಿತ ಹೇಳಿಬಿಟ್ಟಿದ್ದರು: ಇದು ಚುನಾವಣೆ ವರ್ಷ, ಹೊಸ ನ್ಯಾಯಮೂರ್ತಿ ಯಾರಾಗಬೇಕು ಅನ್ನುವುದರಲ್ಲಿ ಜನರ ಮಾತೂ ಇರಲಿ. ಗಾರ್ಲೆಂಡ್‌ಗೆ ವೋಟು ಹೋಗಲಿ, ಇಂಥ ಹೆಸರುಗಳನ್ನು ಮೊದಲು ವಿಚಾರಿಸುವ ಸೆನೆಟಿನ ನ್ಯಾಯಾಂಗ ಸಮಿತಿಯಲ್ಲಿ ಒಂದು ದಿನದ ವಿಚಾರಣೆಯೂ ಸಿಗಲಿಲ್ಲ. 293 ದಿನ ಆ ಹೆಸರು ಹಾಗೇ ಕೊಳೆಯಿತು.

ಆ ಹೊತ್ತಿನಲ್ಲಿ ಸೌತ್ ಕ್ಯಾರೊಲೈನಾದ ಸೆನೆಟರ್ ಲಿಂಡ್ಸಿ ಗ್ರಹಾಂ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮುಂದೆ ನಮ್ಮ ರಿಪಬ್ಲಿಕನ್ ಅಧ್ಯಕ್ಷರೇ ಇದ್ದು, ಅವರ ಅವಧಿಯ ಕೊನೇ ವರ್ಷದಲ್ಲಿ ಕುರ್ಚಿ ಖಾಲಿಯಾದರೂ ಇದೇ ನಿಯಮ, ಬೇಕಿದ್ದರೆ ನನ್ನ ಮಾತನ್ನೇ ನನ್ನ ಮೇಲೆ ತಿರುಗಿಸಿ ಎಂದರು. ಇದೆಲ್ಲ ಕ್ಯಾಮೆರಾ ಮುಂದೆ.

2020ರ ಸೆಪ್ಟೆಂಬರ್ 18ರಂದು ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ತೀರಿಕೊಂಡರು. ಚುನಾವಣೆಗೆ ಆರೂವರೆ ವಾರ ಬಾಕಿ. ಈಗ ಅಧ್ಯಕ್ಷ ಟ್ರಂಪ್. ನ್ಯಾಯಾಂಗ ಸಮಿತಿಯ ಅಧ್ಯಕ್ಷರು ಯಾರು ಅಂದುಕೊಂಡಿರಿ? ಅದೇ ಗ್ರಹಾಂ. 38 ದಿನದೊಳಗೆ, ಅಕ್ಟೋಬರ್ 26ಕ್ಕೆ, ಏಮಿ ಕೋನಿ ಬ್ಯಾರೆಟ್ 52–48 ವೋಟಿನಿಂದ ನ್ಯಾಯಮೂರ್ತಿ ಆಗಿಬಿಟ್ಟರು. ಅಷ್ಟರಲ್ಲಿ ಕೋಟ್ಯಂತರ ಜನ ಮುಂಗಡವಾಗಿ ವೋಟು ಹಾಕಿಯೂ ಆಗಿತ್ತು. ಜನರ ಮಾತು ಎಲ್ಲಿ ಹೋಯಿತು ಅಂತ ಕೇಳಿದರೆ, ಆಗ ಅಧ್ಯಕ್ಷರ ಪಕ್ಷ ಬೇರೆ, ಸೆನೆಟ್ ಬೇರೆ ಇತ್ತು, ಈಗ ಎರಡೂ ಒಂದೇ ಎಂಬ ಉತ್ತರ ಬಂತು. 2016ರಲ್ಲೂ ಆ ವಾದ ಅಲ್ಲಲ್ಲಿ ಕೇಳಿಸಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅಂಗಡಿ ಮುಂದೆ ನೇತುಹಾಕಿದ್ದ ಬೋರ್ಡಿನಲ್ಲಿ ಅದು ಇರಲಿಲ್ಲ.

ಡೆಮಾಕ್ರಟರು ಅದರಲ್ಲಿ ಸಾಚಾನಾ?

ಪೂರ್ತಿ ಸಾಚಾ ಅಲ್ಲ. 1992ರ ಜೂನ್‌ನಲ್ಲಿ ಜೋ ಬೈಡನ್ ನ್ಯಾಯಾಂಗ ಸಮಿತಿ ಅಧ್ಯಕ್ಷರಾಗಿದ್ದರು, ರಿಪಬ್ಲಿಕನರ ಹಿರಿಯ ಬುಷ್ ಅಧ್ಯಕ್ಷರು. ಈಗ ಕುರ್ಚಿ ಖಾಲಿಯಾದರೆ ಚುನಾವಣೆ ಮುಗಿಯುವ ತನಕ ಹೆಸರು ಕಳಿಸಬೇಡಿ ಎಂದು ಬೈಡನ್ ಸೆನೆಟಿನಲ್ಲಿ ಭಾಷಣ ಮಾಡಿದ್ದರು. 2016ರಲ್ಲಿ ರಿಪಬ್ಲಿಕನರು ಇದನ್ನೇ ಹುಡುಕಿ ತೆಗೆದು 'ಬೈಡನ್ ನಿಯಮ' ಅಂತ ಹೆಸರಿಟ್ಟರು. ಇನ್ನು 2016ರಲ್ಲಿ "ನಿಮ್ಮ ಕೆಲಸ ಮಾಡಿ" ಎಂದು ಘೋಷಣೆ ಕೂಗಿದ ಡೆಮಾಕ್ರಟರು 2020ರಲ್ಲಿ "ತಡೀರಿ, ಚುನಾವಣೆ ಮುಗೀಲಿ" ಎಂದರು. ಎರಡೂ ಕಡೆಯವರು ನಾಲ್ಕು ವರ್ಷದಲ್ಲಿ ಜಾಗ ಅದಲುಬದಲು ಮಾಡಿಕೊಂಡರು, ನಮ್ಮೂರ ಕಬಡ್ಡಿಯಲ್ಲಿ ಅರ್ಧ ಆಟಕ್ಕೆ ಅಂಕಣ ಬದಲಿಸುವ ಹಾಗೆ.

ಆದರೆ ತೂಕ ಒಂದೇ ಅಲ್ಲ. 1992ರಲ್ಲಿ ಕುರ್ಚಿ ಖಾಲಿಯೇ ಆಗಿರಲಿಲ್ಲ, ಅದು ಬಾಯಿಮಾತು. 2016ರಲ್ಲಿ ಆದದ್ದು ಕೆಲಸ. ಬಾಯಿಮಾತಿಗೂ ಕೆಲಸಕ್ಕೂ ಒಂದೇ ಬೆಲೆ ಕಟ್ಟಿದರೆ ಅದೂ ಒಂದು ಬಗೆಯ ತಪ್ಪು ಅಳತೆ.

ಈ ಫಿಲಿಬಸ್ಟರ್ ಅಂದ್ರೇನು? ಅದರ ವಿಷಯದಲ್ಲಿ ಯಾಕೆ ಎಲ್ಲರೂ ಮಾತು ಬದಲಿಸ್ತಾರೆ?

ಸೆನೆಟಿನಲ್ಲಿ 100 ಜನ. 51 ಇದ್ದರೆ ಬಹುಮತ ಅಂತ ನೀವು ಅಂದುಕೊಂಡಿರುತ್ತೀರಿ. ಆದರೆ ಚರ್ಚೆ ಮುಗಿಸಿ ವೋಟಿಗೆ ಹಾಕಬೇಕಾದರೆ 60 ಜನ ಒಪ್ಪಬೇಕು. 41 ಜನ ಪಟ್ಟು ಹಿಡಿದರೆ ಬಿಲ್ಲು ಅಲ್ಲೇ ಕೊಳೆಯುತ್ತದೆ. ಈ ಅಡ್ಡಗಾಲಿಗೆ ಫಿಲಿಬಸ್ಟರ್ ಎನ್ನುತ್ತಾರೆ. ಅಲ್ಪಮತದಲ್ಲಿ ಇರುವವರಿಗೆ ಅದು ಪ್ರಜಾಪ್ರಭುತ್ವದ ಕಾವಲು. ಬಹುಮತ ಬಂದ ಕೂಡಲೇ ಅದೇ ಪ್ರಜಾಪ್ರಭುತ್ವದ ಕುತ್ತಿಗೆಗೆ ಹಗ್ಗ.

2005ರಲ್ಲಿ ರಿಪಬ್ಲಿಕನರು ನ್ಯಾಯಾಧೀಶರ ನೇಮಕದಲ್ಲಿ ಇದನ್ನು ಕಿತ್ತುಹಾಕುತ್ತೇವೆ ಎಂದಾಗ, ಹೊಸ ಸೆನೆಟರ್ ಒಬಾಮಾ ಬೇಡ ಎಂದು ವಾದಿಸಿದರು. 2013ರ ನವೆಂಬರ್ 21ರಂದು ಡೆಮಾಕ್ರಟರ ನಾಯಕ ಹ್ಯಾರಿ ರೀಡ್ ತಾವೇ ಕಿತ್ತುಹಾಕಿದರು, ಸುಪ್ರೀಂ ಕೋರ್ಟ್ ಒಂದನ್ನು ಬಿಟ್ಟು ಉಳಿದ ನೇಮಕಗಳಿಗೆ. ನೀವು ಅಂದುಕೊಂಡದ್ದಕ್ಕಿಂತ ಬೇಗ ಪಶ್ಚಾತ್ತಾಪ ಪಡುತ್ತೀರಿ ಎಂದು ಮೆಕಾನಲ್ ಎಚ್ಚರಿಸಿದರು. 2017ರ ಏಪ್ರಿಲ್‌ನಲ್ಲಿ ಅವರೇ ಸುಪ್ರೀಂ ಕೋರ್ಟಿನ ನೇಮಕಕ್ಕೂ ಅದನ್ನು ಕಿತ್ತುಹಾಕಿ, ಸ್ಕಲಿಯಾ ಕುರ್ಚಿಯಲ್ಲಿ ನೀಲ್ ಗೋರ್ಸಚ್ ಅವರನ್ನು ಕೂರಿಸಿದರು. ಅದೇ ತಿಂಗಳು ಎರಡೂ ಪಕ್ಷದ 61 ಸೆನೆಟರ್‌ಗಳು, ಬಿಲ್ಲುಗಳ ಮಟ್ಟಿಗಾದರೂ ಫಿಲಿಬಸ್ಟರ್ ಉಳಿಸಿ ಎಂದು ಪತ್ರಕ್ಕೆ ಸಹಿ ಹಾಕಿದರು. ಕಮಲಾ ಹ್ಯಾರಿಸ್ ಸಹಿಯೂ ಅದರಲ್ಲಿತ್ತು. 2020ರಲ್ಲಿ ಒಬಾಮಾ ಅದನ್ನು ವರ್ಣಭೇದದ ಕಾಲದ ಪಳೆಯುಳಿಕೆ ಎಂದು ಕರೆದರು. 2022ರ ಜನವರಿಯಲ್ಲಿ ಮತದಾನ ಹಕ್ಕಿನ ಬಿಲ್ಲಿಗಾಗಿ ನಿಯಮ ಬದಲಿಸಲು ಇಬ್ಬರನ್ನು ಬಿಟ್ಟು ಎಲ್ಲ ಡೆಮಾಕ್ರಟರೂ ವೋಟು ಹಾಕಿದರು. ಸೋತರು, 48–52.

ಇಲ್ಲಿ ನಮ್ಮವರ ಒಂದು ಕೊಂಡಿಯೂ ಇದೆ. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿ ಗೊತ್ತಲ್ಲ? ಬಂದೂಕಿನ ಹಿಂಸೆ ಆರೋಗ್ಯದ ಸಮಸ್ಯೆಯೂ ಹೌದು ಎಂದು ಹೇಳಿದ್ದಕ್ಕೆ ಬಂದೂಕು ಲಾಬಿ ಅವರ ಮೇಲೆ ಮುಗಿಬಿದ್ದಿತ್ತು. ಸರ್ಜನ್ ಜನರಲ್, ಅಂದರೆ ಸಾರ್ವಜನಿಕ ಆರೋಗ್ಯದ ಬಗ್ಗೆ ದೇಶದ ಪರವಾಗಿ ಮಾತಾಡುವ ಮುಖ್ಯ ವೈದ್ಯರ ಹುದ್ದೆಗೆ ಅವರ ಹೆಸರು ಒಂದು ವರ್ಷ ನೇತಾಡಿತು. ಕೊನೆಗೆ 2014ರ ಡಿಸೆಂಬರ್ 15ರಂದು 51–43ರಲ್ಲಿ ಪಾಸಾಯಿತು. ಲೆಕ್ಕ ನೋಡಿ: 60 ಇಲ್ಲ. ಹಿಂದಿನ ವರ್ಷ ರೀಡ್ ನಿಯಮ ಮುರಿಯದೇ ಇದ್ದಿದ್ದರೆ ಅವರು ಆ ಹುದ್ದೆಗೆ ಬರುವುದು ಕಷ್ಟವಿತ್ತು. ಆ ದಿನ ನಾನು ಫೇಸ್‌ಬುಕ್‌ನಲ್ಲಿ ಹಲ್ಲೆಗೆರೆಗೆ ಜೈ ಅಂತ ಹಾಕಿದ್ದೆ. ನಿಯಮ ಮುರಿದದ್ದು ಸರಿಯಾಯಿತು ಅಂತ ಕೆಳಗೆ ಬೇರೆ ಬರೆದಿದ್ದೆ. 2017ರಲ್ಲಿ ಮೆಕಾನಲ್ ಅದೇ ಕೆಲಸ ಮಾಡಿದಾಗ "ಸೆನೆಟ್ ಸತ್ತಿತು" ಅಂತ ಇನ್ನೊಂದು ಪೋಸ್ಟ್. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದವಳು ನನ್ನ ಹೆಂಡತಿ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಜಾಸ್ತಿ ಮಾತಾಡಲಿಲ್ಲ ನಾನು.

ಸಾಲದ ಮಿತಿಯ ಜಗಳ ಪ್ರತಿಸಲ ಯಾಕೆ ಬರುತ್ತೆ?

ಅಮೆರಿಕ ಸರ್ಕಾರ ಎಷ್ಟು ಸಾಲ ಮಾಡಬಹುದು ಅನ್ನುವುದಕ್ಕೆ ಕಾನೂನಿನ ಮಿತಿ ಇದೆ. ಅದನ್ನು ಏರಿಸುವುದು ಹೊಸ ಖರ್ಚಿಗಲ್ಲ, ಆಗಲೇ ಒಪ್ಪಿಕೊಂಡ ಖರ್ಚಿನ ಬಾಕಿ ತೀರಿಸಲಿಕ್ಕೆ. ಹೋಟೆಲಿನಲ್ಲಿ ಹೊಟ್ಟೆತುಂಬ ತಿಂದು, ಬಿಲ್ಲು ಬಂದಾಗ ದುಂದುವೆಚ್ಚದ ಬಗ್ಗೆ ಭಾಷಣ ಮಾಡಿದ ಹಾಗೆ ಈ ಜಗಳ.

2023ರ ಮೇ ತಿಂಗಳಲ್ಲಿ ಬೈಡನ್ ಸರ್ಕಾರಕ್ಕೂ ಕೆಳಮನೆಯ ರಿಪಬ್ಲಿಕನರಿಗೂ ಈ ಜಗಳ ಜೋರಾಗಿತ್ತು. ನಮ್ಮ ಬ್ಯಾಡ್ಮಿಂಟನ್ ಗುಂಪಿನಲ್ಲಿ ಎಂಟು ಜನ ಕನ್ನಡದವರು. ಸುಮ್ನೆ ಒಂದು ಕೀಟಲೆ ಮಾಡಿದೆ. ಹೆಸರು ಹಾಕದೆ ಒಂದು ಸಾಲು ಕಳಿಸಿದೆ: ಸಾಲದ ಮಿತಿ ಏರಿಸಬೇಕೋ ಬೇಡವೋ ಎಂದು ನಾವು ಇಲ್ಲಿ ಚರ್ಚಿಸುತ್ತಿರುವುದೇ ನಾಯಕತ್ವ ಸೋತಿದೆ ಅನ್ನುವುದರ ಗುರುತು. ಹತ್ತು ನಿಮಿಷದಲ್ಲಿ ರಿಪಬ್ಲಿಕನ್ ಒಲವಿನ ಗೆಳೆಯ ಹೆಬ್ಬೆರಳು ಎತ್ತಿದ. "ಕರೆಕ್ಟ್. ಯಾರಿದು, ಟೆಡ್ ಕ್ರೂಜಾ?" ಡೆಮಾಕ್ರಟ್ ಒಲವಿನವನು, "ಇಂಥ ಬೇಜವಾಬ್ದಾರಿ ಮಾತು ಆಡೋಕೆ ಅವರಿಗೇ ಸಾಧ್ಯ" ಅಂತ ಬರೆದ. ಇದು 2006ರ ಮಾರ್ಚ್‌ನಲ್ಲಿ ಸೆನೆಟರ್ ಒಬಾಮಾ ಆಡಿದ ಮಾತು, ಆಗ ಅಧ್ಯಕ್ಷ ಕಿರಿಯ ಬುಷ್ ಅಂತ ಹಾಕಿದೆ. ನೀಲಿ ಟಿಕ್ ಎಲ್ಲರದ್ದೂ ಬಂತು, ಉತ್ತರ ಯಾರದ್ದೂ ಬರಲಿಲ್ಲ. ಅರ್ಧ ಗಂಟೆ ಬಿಟ್ಟು ಒಬ್ಬ, "ಆಗಿನ ಸಂದರ್ಭ ಬೇರೆ" ಎಂದ. ಇನ್ನೊಬ್ಬ, "ಆಗ ಅವನಿಗೂ ಬುದ್ಧಿ ಇತ್ತು ಅಂತಾಯ್ತು" ಎಂದ. ಮೂರನೆಯವನು ಭಾನುವಾರ ಶಟಲ್ ಕಾಕ್ ಯಾರು ತರ್ತೀರಿ ಅಂತ ಕೇಳಿ ಎಲ್ಲರನ್ನೂ ಪಾರು ಮಾಡಿದ.

ಒಬಾಮಾ 2006ರಲ್ಲಿ ಮಿತಿ ಏರಿಸುವುದರ ವಿರುದ್ಧ ವೋಟು ಹಾಕಿದ್ದರು. 2011ರಲ್ಲಿ ಅದು ರಾಜಕೀಯದ ವೋಟು, ತಪ್ಪಾಗಿತ್ತು ಎಂದು ಒಪ್ಪಿಕೊಂಡರು. ಒಪ್ಪಿಕೊಳ್ಳುವ ಹೊತ್ತಿಗೆ ಅವರೇ ಅಧ್ಯಕ್ಷರಾಗಿದ್ದರು, ಮಿತಿ ಏರಿಸುವುದು ಅವರಿಗೇ ಬೇಕಿತ್ತು ಅನ್ನುವುದೂ ನಿಜ. ಆ ವರ್ಷದ ಜಗಳದಲ್ಲಿ ಸಾಲ ತೀರಿಸುವ ಶಕ್ತಿಗೆ ದರ್ಜೆ ಕೊಡುವ ಸ್ಟ್ಯಾಂಡರ್ಡ್ ಆಂಡ್ ಪೂರ್ಸ್ ಸಂಸ್ಥೆ ಅಮೆರಿಕದ ಸಾಲದ ದರ್ಜೆಯನ್ನೇ ಇಳಿಸಿತು. ಮುಂದೆ ಟ್ರಂಪ್ ಮೊದಲ ಅವಧಿಯಲ್ಲಿ, 2017ರಿಂದ 2019ರ ಒಳಗೆ, ಮೂರು ಸಲ ಮಿತಿಯನ್ನು ಅಮಾನತಿನಲ್ಲಿಟ್ಟರು. 2011ರಷ್ಟು ಗಲಾಟೆ ಒಂದು ಸಲವೂ ಆಗಲಿಲ್ಲ.

ನಾಯಕರದ್ದು ಬಿಡಿ, ಅದು ಅವರ ಕಸುಬು. ಸಾಮಾನ್ಯ ಜನರೂ ಹೀಗೇನಾ?

ಹೀಗೇ. ಅಂಕಿಗಳು ಸ್ವಲ್ಪ ಮುಜುಗರ ತರುತ್ತವೆ.

ಖಾಸಗಿ ಬದುಕಿನಲ್ಲಿ ಅನೈತಿಕವಾಗಿ ನಡೆದುಕೊಂಡ ನಾಯಕ ಸಾರ್ವಜನಿಕ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಬಲ್ಲನೇ? ಸಮೀಕ್ಷೆ ನಡೆಸುವ ಪಿಆರ್‌ಆರ್‌ಐ ಸಂಸ್ಥೆ 2011ರಲ್ಲಿ ಕೇಳಿದಾಗ, ಬೈಬಲ್ ಮಾತಿಗೆ ಬಿಗಿಯಾಗಿ ಅಂಟಿಕೊಳ್ಳುವ ಬಿಳಿಯ ಇವ್ಯಾಂಜೆಲಿಕಲ್ ಕ್ರೈಸ್ತರಲ್ಲಿ ಶೇ. 30 ಜನ ಹೌದು ಎಂದರು. 2016ರಲ್ಲಿ ಶೇ. 72. ನಡುವೆ ಬೈಬಲ್ ಬದಲಾಗಿರಲಿಲ್ಲ, ಅಭ್ಯರ್ಥಿ ಬದಲಾಗಿದ್ದ: ಟ್ರಂಪ್.

ಸರ್ಕಾರ ಫೋನ್ ಕರೆಗಳ ಮೇಲೆ ಕಣ್ಣಿಡುವುದನ್ನು ಒಪ್ಪುತ್ತೀರಾ ಎಂದು ಪ್ಯೂ ಸಂಸ್ಥೆ ಬುಷ್ ಕಾಲದಲ್ಲಿ, 2006ರಲ್ಲಿ ಕೇಳಿತು. ಡೆಮಾಕ್ರಟರಲ್ಲಿ ಶೇ. 37 ಒಪ್ಪಿದರು, ರಿಪಬ್ಲಿಕನರಲ್ಲಿ ಶೇ. 75. ಒಬಾಮಾ ಕಾಲದಲ್ಲಿ, 2013ರಲ್ಲಿ ಇಂಥದೇ ಪ್ರಶ್ನೆಗೆ ಡೆಮಾಕ್ರಟರು ಶೇ. 64ಕ್ಕೆ ಏರಿದರು, ರಿಪಬ್ಲಿಕನರು ಶೇ. 52ಕ್ಕೆ ಇಳಿದರು. ಕದ್ದು ಕೇಳುವ ಕಿವಿ ನಮ್ಮವರದ್ದಾದರೆ ಪರವಾಗಿಲ್ಲ!

ಎಲ್ಲ ಸಲವೂ ಇಬ್ಬರೂ ಸಮಸಮ ಜಿಗಿಯುವುದಿಲ್ಲ ಅನ್ನುವುದಕ್ಕೂ ಉದಾಹರಣೆ ಇದೆ. ರಾಸಾಯನಿಕ ಅಸ್ತ್ರ ಬಳಸಿದ್ದಕ್ಕೆ ಸಿರಿಯಾ ಮೇಲೆ ಕ್ಷಿಪಣಿ ಹಾರಿಸುವುದನ್ನು 2013ರಲ್ಲಿ ರಿಪಬ್ಲಿಕನರಲ್ಲಿ ಶೇ. 22 ಬೆಂಬಲಿಸಿದ್ದರು. ಟ್ರಂಪ್ 2017ರಲ್ಲಿ ಹಾರಿಸಿದಾಗ ಶೇ. 86. ಡೆಮಾಕ್ರಟರು 38, ಆಮೇಲೆ 37. ಅಲ್ಲಾಡಲೇ ಇಲ್ಲ.

ಜೆಫ್ರಿ ಕೊಹೆನ್ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಚೆನ್ನಾಗಿದೆ. ಬಡವರಿಗೆ ಸಹಾಯಧನ ಕೊಡುವ ಎರಡು ಯೋಜನೆ, ಒಂದು ಬಲು ಧಾರಾಳ, ಒಂದು ಬಲು ಬಿಗಿ. ವಿದ್ಯಾರ್ಥಿಗಳಿಗೆ ತೋರಿಸುವಾಗ ಯೋಜನೆ ಪಕ್ಕ ಪಕ್ಷದ ಹೆಸರು ಬರೆದರು. ಉದಾರವಾದಿ ಹುಡುಗರು ನಮ್ಮ ಪಕ್ಷದ್ದು ಅಂದ ಕೂಡಲೇ ಬಿಗಿ ಯೋಜನೆಗೂ ಜೈ ಎಂದರು. ಸಂಪ್ರದಾಯವಾದಿಗಳು ಧಾರಾಳ ಯೋಜನೆಗೂ ಜೈ ಎಂದರು. ಪಕ್ಷದ ಹೆಸರು ನೋಡಿ ಹೇಳಿದಿರಾ ಅಂತ ಕೇಳಿದರೆ, ಇಲ್ಲ, ಯೋಜನೆ ಓದಿಯೇ ಹೇಳಿದ್ದು ಅಂತ ಉತ್ತರ. ಎದುರು ಪಕ್ಷದವರು ಮಾತ್ರ ಹೆಸರು ನೋಡಿ ಹೇಳುತ್ತಾರಂತೆ.

ಹಾಗಾದ್ರೆ ಜನ ಬೇಕಂತಲೇ ನಾಟಕ ಆಡ್ತಾರಾ?

ಬಹಳ ಸಲ ಇಲ್ಲ. ಅವರಿಗೆ ನಿಜವಾಗಿ ಹಾಗೇ ಕಾಣುತ್ತದೆ. ಅದೇ ಕಷ್ಟ.

1951ರ ನವೆಂಬರ್‌ನಲ್ಲಿ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ನಡುವೆ ಫುಟ್‌ಬಾಲ್ ಪಂದ್ಯ ನಡೆಯಿತು. ಪ್ರಿನ್ಸ್‌ಟನ್ ನಮ್ಮ ಮನೆಯಿಂದ ಜಾಸ್ತಿ ದೂರವಿಲ್ಲ, ಊರಿಂದ ಬಂದವರನ್ನೆಲ್ಲ ಐನ್‌ಸ್ಟೈನ್ ಓಡಾಡಿದ ಜಾಗ ಅಂತ ಕರೆದುಕೊಂಡು ಹೋಗಿ ತೋರಿಸುತ್ತೇನೆ. ಆಟ ಒರಟಾಗಿತ್ತು. ಪ್ರಿನ್ಸ್‌ಟನ್ನಿನ ತಾರೆ ಡಿಕ್ ಕಾಜ್‌ಮೈಯರ್‌ಗೆ ಮೂಗು ಮುರಿಯಿತು. ಡಾರ್ಟ್‌ಮತ್ ಹುಡುಗನೊಬ್ಬನ ಕಾಲು ಮುರಿಯಿತು. ಆಮೇಲೆ ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬ ಇಬ್ಬರು ಸಂಶೋಧಕರು ಎರಡೂ ಕಾಲೇಜಿನ ಹುಡುಗರಿಗೆ ಅದೇ ಪಂದ್ಯದ ಅದೇ ಫಿಲ್ಮ್ ತೋರಿಸಿ, ಫೌಲ್ ಎಣಿಸಲು ಹೇಳಿದರು. ಡಾರ್ಟ್‌ಮತ್ ತಂಡ ಮಾಡಿದ ಫೌಲುಗಳು ಡಾರ್ಟ್‌ಮತ್ ಹುಡುಗರಿಗೆ ಕಂಡದ್ದಕ್ಕಿಂತ ಎರಡು ಪಟ್ಟು ಜಾಸ್ತಿ ಪ್ರಿನ್ಸ್‌ಟನ್ನಿನವರಿಗೆ ಕಂಡವು. ಫಿಲ್ಮ್ ಒಂದೇ. ಯಾರೂ ಸುಳ್ಳು ಹೇಳಲಿಲ್ಲ. ಕಣ್ಣೇ ಪಕ್ಷ ಸೇರಿಕೊಂಡಿತ್ತು.

ಇದೆಲ್ಲ ಟ್ರಂಪ್ ಬಂದ ಮೇಲೆ ಶುರುವಾದದ್ದು ಅಲ್ವಾ?

ಖಂಡಿತ ಅಲ್ಲ. 'ರಾಜ್ಯಗಳ ಹಕ್ಕು' ಅನ್ನುವ ಮಾತನ್ನೇ ತೆಗೆದುಕೊಳ್ಳಿ. ಗುಲಾಮಗಿರಿ ನಮ್ಮ ರಾಜ್ಯದ ವಿಚಾರ, ಕೇಂದ್ರ ತಲೆ ಹಾಕಬಾರದು ಎಂದು ದಕ್ಷಿಣದವರು ದಶಕಗಳ ಕಾಲ ಹೇಳಿದರು. 1850ರಲ್ಲಿ ಅವರೇ ಹಟ ಹಿಡಿದು, ತಪ್ಪಿಸಿಕೊಂಡ ಗುಲಾಮರನ್ನು ಹಿಡಿದು ಕೊಡಬೇಕು ಎಂಬ ಕೇಂದ್ರ ಕಾನೂನು ಮಾಡಿಸಿದರು. ಆಗ ಉತ್ತರದ ವಿಸ್ಕಾನ್ಸಿನ್‌ನಂಥ ರಾಜ್ಯಗಳು, ಈ ಕಾನೂನು ನಮ್ಮಲ್ಲಿ ನಡೆಯದು, ನಮಗೂ ರಾಜ್ಯದ ಹಕ್ಕಿದೆ ಎಂದವು. 1860ರ ಡಿಸೆಂಬರ್‌ನಲ್ಲಿ ಸೌತ್ ಕ್ಯಾರೊಲೈನಾ ಒಕ್ಕೂಟ ಬಿಟ್ಟು ಹೋಗುವಾಗ ಬರೆದ ಘೋಷಣೆಯ ದೊಡ್ಡ ದೂರು ಏನು ಗೊತ್ತೇ? ಉತ್ತರದ ರಾಜ್ಯಗಳು ಕೇಂದ್ರದ ಕಾನೂನು ಪಾಲಿಸುತ್ತಿಲ್ಲ ಅನ್ನುವುದು! ಒಂದು ಕಡೆ ಮನುಷ್ಯರನ್ನು ಮಾರುವ ಹಕ್ಕು, ಇನ್ನೊಂದು ಕಡೆ ಅವರನ್ನು ಬಚ್ಚಿಟ್ಟು ಕಾಪಾಡುವ ಹಕ್ಕು. ಎರಡಕ್ಕೂ ಒಂದೇ ವಾದದ ಅಂಗಿ ತೊಡಿಸಿದ್ದರು. ಅಂಗಿ ನೋಡಿ ಇಬ್ಬರೂ ಸೋಗಲಾಡಿಗಳು ಅಂದುಬಿಟ್ಟರೆ ಒಳಗಿರುವುದು ಕಾಣದೇ ಹೋಗುತ್ತದೆ.

"ಅವರು ಮಾಡಿದಾಗ ಎಲ್ಲಿದ್ರಿ?" ಅಂತ ಕೇಳೋದು ತಪ್ಪಾ?

ಕೇಳುವುದು ತಪ್ಪಲ್ಲ. ಕೇಳಿ ಅಲ್ಲೇ ನಿಲ್ಲಿಸುವುದು ತಪ್ಪು. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪಕ್ಕದವರ ತಟ್ಟೆಯ ನೊಣ ತೋರಿಸಿದರೆ ಹೆಗ್ಗಣ ಎದ್ದು ಹೋಗುವುದಿಲ್ಲ.

ಅಧಿಕಾರ ಬಿಟ್ಟ ಮೇಲೂ ಸರ್ಕಾರದ ಗುಟ್ಟಿನ ಕಡತಗಳನ್ನು ಇಟ್ಟುಕೊಂಡ ಪ್ರಕರಣ ನೋಡಿ. 2022ರ ಆಗಸ್ಟ್ 8ರಂದು ಫ್ಲೋರಿಡಾದ ಮಾರ್-ಅ-ಲಾಗೊದಲ್ಲಿ ಟ್ರಂಪ್ ಮನೆಯನ್ನು ಎಫ್‌ಬಿಐ ಶೋಧಿಸಿತು. ಹಿಲರಿ ಕ್ಲಿಂಟನ್ ಸರ್ಕಾರಿ ಕೆಲಸಕ್ಕೆ ಖಾಸಗಿ ಈಮೇಲ್ ಬಳಸಿದ ವಿಷಯದಲ್ಲಿ ಅವರನ್ನು ಜೈಲಿಗೆ ಹಾಕಿ ಎಂದು ಕೂಗಿದವರು ಇದು ಬರೀ ಕಾಗದದ ತಕರಾರು ಎಂದರು. ಬೈಡನ್ ಹಳೇ ಕಚೇರಿಯಲ್ಲೂ, ಡೆಲವೇರ್ ಮನೆಯ ಗ್ಯಾರೇಜಿನಲ್ಲೂ ಅಂಥವೇ ಕಡತ ಸಿಕ್ಕಿದವು ಅಂತ 2023ರ ಜನವರಿಯಲ್ಲಿ ಗೊತ್ತಾದಾಗ ಡೆಮಾಕ್ರಟರ ದನಿ ತಗ್ಗಿತು. ಅದೇ ತಿಂಗಳು ಟ್ರಂಪ್ ಕಾಲದ ಉಪಾಧ್ಯಕ್ಷ ಮೈಕ್ ಪೆನ್ಸ್ ಮನೆಯಲ್ಲೂ ಸಿಕ್ಕಿದವು. ಅಲ್ಲಿಗೆ ಎಲ್ಲರೂ ಒಂದೇ ಅಂದುಬಿಡೋಣವೇ? ಇಲ್ಲ. ಬೈಡನ್, ಪೆನ್ಸ್ ಕಡೆಯವರು ಸಿಕ್ಕ ಕಡತಗಳನ್ನು ತಾವೇ ಒಪ್ಪಿಸಿದರು. ಟ್ರಂಪ್ ಮೇಲಿದ್ದ ಆರೋಪ ಇಟ್ಟುಕೊಂಡದ್ದಷ್ಟೇ ಅಲ್ಲ, ಕೇಳಿದಾಗ ಕೊಡದೆ ಅಡಗಿಸಿಟ್ಟರು ಅನ್ನುವುದು. ಆ ಮೊಕದ್ದಮೆ ವಿಚಾರಣೆಗೇ ಬರಲಿಲ್ಲ, ನ್ಯಾಯಾಧೀಶರು 2024ರ ಜುಲೈನಲ್ಲಿ ವಜಾ ಮಾಡಿದರು.

ಒಟ್ನಲ್ಲಿ ಇಬ್ಬರೂ ಕಳ್ಳರೇ ಅಂದ್ರೆ ಮುಗೀತಲ್ಲ?

ಮುಗಿಯಲ್ಲ. ಅದು ಸೋಮಾರಿ ಉತ್ತರ. ಬೈಡನ್ ಮಗನಿಗೆ ಕ್ಷಮಾದಾನ ಕೊಡುವುದಿಲ್ಲ ಎಂದು ಹೇಳಿ, 2024ರ ಡಿಸೆಂಬರ್ 1ರಂದು ಕೊಟ್ಟರು. ಮಾತು ತಪ್ಪಿದರು, ಅದಕ್ಕೆ ಬೇರೆ ಹೆಸರಿಲ್ಲ. 2025ರ ಜನವರಿ 20ರಂದು ಟ್ರಂಪ್, 2021ರಲ್ಲಿ ತಮ್ಮ ಬೆಂಬಲಿಗರು ಸಂಸತ್ ಭವನಕ್ಕೆ ನುಗ್ಗಿದ ಪ್ರಕರಣದ ಸುಮಾರು 1,500 ಜನರನ್ನು ಕ್ಷಮಿಸಿದರು. ಅದರಲ್ಲಿ ಪೊಲೀಸರನ್ನು ಹೊಡೆದವರೂ ಇದ್ದರು. ಎರಡನ್ನೂ ಕ್ಷಮಾದಾನದ ದುರುಪಯೋಗ ಅನ್ನಬಹುದು. ಎರಡೂ ಒಂದೇ ಗಾತ್ರದ್ದು ಅನ್ನಲು ನನಗೆ ಬಾಯಿ ಬರುವುದಿಲ್ಲ. ನೀವು ಬೇರೆ ಥರ ತೂಗಬಹುದು. ಆದರೆ ತೂಗಿ. ತಕ್ಕಡಿಯನ್ನೇ ಮೂಲೆಗೆ ಎಸೆದರೆ ಲಾಭ ಆಗುವುದು ದೊಡ್ಡ ಕಳ್ಳನಿಗೆ.

ಎದುರಾಳಿ ನಿಯಮ ಮುರಿದಾಗ ನಾವೂ ಮುರಿದರೆ ಅದು ಇಬ್ಬಗೆ ನೀತಿನಾ?

ಇದು ನನಗೆ ನಿಜವಾಗಿ ಕಷ್ಟದ ಪ್ರಶ್ನೆ. 2025ರ ಬೇಸಿಗೆಯಲ್ಲಿ ಟೆಕ್ಸಸ್ ರಿಪಬ್ಲಿಕನರು, ಜನಗಣತಿ ಇಲ್ಲದ ವರ್ಷದಲ್ಲಿ, ಟ್ರಂಪ್ ಒತ್ತಾಯಕ್ಕೆ ಕ್ಷೇತ್ರಗಳ ಗಡಿಯನ್ನು ತಮ್ಮ ಪಕ್ಷಕ್ಕೆ ಅನುಕೂಲವಾಗುವ ಹಾಗೆ ಮತ್ತೆ ಗೀಚಿದರು. ಐದು ಸೀಟು ಹೆಚ್ಚು ಗೆಲ್ಲುವ ಲೆಕ್ಕ. ಸದನ ನಡೆಯಲು ಬೇಕಾದಷ್ಟು ಜನ ಇರದಂತೆ ಮಾಡಿ ಇದನ್ನು ತಡೆಯಲು ಅಲ್ಲಿನ ಡೆಮಾಕ್ರಟ್ ಶಾಸಕರು ರಾಜ್ಯ ಬಿಟ್ಟು ಹೋದರು, ನಮ್ಮ ರೆಸಾರ್ಟ್ ರಾಜಕೀಯದ ಹಾಗೇ. ಹೋಗಿ ತಂಗಿದ್ದು ಇಲಿನಾಯ್‌ನಲ್ಲಿ. ಕ್ಷೇತ್ರದ ಗಡಿ ಗೀಚುವುದರಲ್ಲಿ ಡೆಮಾಕ್ರಟರು ಕೈಚಳಕ ತೋರಿಸಿದ ರಾಜ್ಯವೇ ಅದು, 17 ಸೀಟಿನಲ್ಲಿ 14 ಅವರದ್ದು. ಗಡಿ ಗೀಚುವುದು ಅನ್ಯಾಯ ಎಂದು ಪತ್ರಿಕಾಗೋಷ್ಠಿ ಮಾಡಲು ಬೇರೆ ಜಾಗ ಸಿಗಲಿಲ್ಲವೇ ಅಂತ ನಗು ಬಂತು.

ಇತ್ತ ಕ್ಯಾಲಿಫೋರ್ನಿಯಾದ ಜನ 2008, 2010ರಲ್ಲಿ ತಾವೇ ವೋಟು ಹಾಕಿ ಈ ಕೆಲಸವನ್ನು ಸ್ವತಂತ್ರ ಆಯೋಗಕ್ಕೆ ಕೊಟ್ಟಿದ್ದರು. ಟೆಕ್ಸಸ್‌ಗೆ ಉತ್ತರವಾಗಿ ನ್ಯೂಸಮ್ ಆ ಆಯೋಗದ ನಕ್ಷೆಯನ್ನು 2030ರ ತನಕ ಬದಿಗಿಟ್ಟು, ಐದು ಸೀಟು ತಮ್ಮ ಕಡೆ ವಾಲುವ ನಕ್ಷೆ ಮುಂದಿಟ್ಟರು. ನವೆಂಬರ್ 4ರಂದು ಶೇ. 64ರಷ್ಟು ಜನ ಒಪ್ಪಿದರು.

ಒಂದು ಮಾತು ಅವರ ಪರವಾಗಿ ಹೇಳಬೇಕು: ಜನರನ್ನು ಕೇಳಿದರು, ಯಾಕೆ ಮಾಡುತ್ತಿದ್ದೇವೆ ಅಂತ ಮುಚ್ಚಿಡಲಿಲ್ಲ. ಒಬ್ಬನೇ ನಿಯಮ ಪಾಲಿಸಿ ಸೋಲುತ್ತಾ ಕೂರಬೇಕೇ ಅನ್ನುವ ಪ್ರಶ್ನೆಗೂ ಬೆಲೆ ಇದೆ. ಆದರೆ ಸೋಲುವ ಭಯಕ್ಕೆ ಬಿಟ್ಟ ನಿಯಮವನ್ನು ಗೆದ್ದ ಮೇಲೆ ವಾಪಸು ತಂದವರನ್ನು ನಾನು ಕಂಡಿಲ್ಲ. ಫಿಲಿಬಸ್ಟರ್ ಕತೆ ಮೇಲೆ ಓದಿದಿರಲ್ಲ.

ಮಾತಿಗೆ ನಿಂತವರು ಯಾರೂ ಇಲ್ವಾ?

ಇದ್ದಾರೆ, ಕೈಬೆರಳಲ್ಲಿ ಎಣಿಸುವಷ್ಟು. ಬ್ಯಾರೆಟ್ ವಿರುದ್ಧ ವೋಟು ಹಾಕಿದ ಒಬ್ಬರೇ ರಿಪಬ್ಲಿಕನ್ ಮೇಯ್ನ್ ರಾಜ್ಯದ ಸೂಸನ್ ಕಾಲಿನ್ಸ್. ಅಭ್ಯರ್ಥಿ ಬಗ್ಗೆ ತಕರಾರಿಲ್ಲ, ಚುನಾವಣೆಗೆ ಮುಂಚೆ ಮಾಡಬಾರದು ಎಂದರು. 2020ರ ಫೆಬ್ರವರಿಯಲ್ಲಿ ಟ್ರಂಪ್ ವಾಗ್ದಂಡನೆಯಲ್ಲಿ ಸ್ವಂತ ಪಕ್ಷದ ಅಧ್ಯಕ್ಷನನ್ನು ತಪ್ಪಿತಸ್ಥ ಎಂದದ್ದು ಮಿಟ್ ರಾಮ್ನಿ ಒಬ್ಬರೇ. 2019ರಲ್ಲಿ ಗಡಿಗೋಡೆಗಾಗಿ ಟ್ರಂಪ್ ತುರ್ತುಸ್ಥಿತಿ ಘೋಷಿಸಿದಾಗ 12 ರಿಪಬ್ಲಿಕನ್ ಸೆನೆಟರ್‌ಗಳು ವಿರೋಧಿಸಿದರು. ನಾರ್ತ್ ಕ್ಯಾರೊಲೈನಾದ ಥಾಮ್ ಟಿಲಿಸ್ ಇದನ್ನು ವಿರೋಧಿಸುತ್ತೇನೆ ಎಂದು ಪತ್ರಿಕೆಯಲ್ಲಿ ಲೇಖನವನ್ನೇ ಬರೆದಿದ್ದರು. ವೋಟಿನ ದಿನ ಬೆಂಬಲಿಸಿದರು. ಪಾಪ, ಮುಂದಿನ ವರ್ಷ ಅವರ ಚುನಾವಣೆ ಇತ್ತು.

ಬಣ್ಣ ಬಯಲಾದರೆ ವೋಟರು ಪಾಠ ಕಲಿಸೋದಿಲ್ವಾ?

ಗ್ರಹಾಂ ಅವರನ್ನು ಕೇಳಿ. 2020ರಲ್ಲಿ ಅವರ ಹಳೇ ವಿಡಿಯೊ ದೇಶವೆಲ್ಲ ಓಡಿತು. ಎದುರಾಳಿ ಜೇಮಿ ಹ್ಯಾರಿಸನ್‌ಗೆ ಮೂರೇ ತಿಂಗಳಲ್ಲಿ 5.7 ಕೋಟಿ ಡಾಲರ್ ದೇಣಿಗೆ ಬಂತು, ಸೆನೆಟ್ ಸ್ಪರ್ಧೆಯಲ್ಲಿ ಅದು ದಾಖಲೆ. ಗ್ರಹಾಂ ಸುಮಾರು 10 ಪಾಯಿಂಟ್ ಅಂತರದಲ್ಲಿ ಗೆದ್ದರು. ಅವರ ವೋಟರಿಗೆ ಬೇಕಿದ್ದದ್ದು ಮಾತು ಉಳಿಸಿಕೊಳ್ಳುವ ಸೆನೆಟರ್ ಅಲ್ಲ, ಕೋರ್ಟಿನ ಕುರ್ಚಿ.

ಅದಕ್ಕೇ ನನಗೆ ಈಗೀಗ "ನೋಡಿ, ಸಿಕ್ಕಿಬಿದ್ದ" ಅನ್ನುವ ವಿಡಿಯೊಗಳು ಬೋರು. ಎದುರಿನವನ ಬಣ್ಣ ಬಯಲು ಮಾಡುವಾಗ ನನ್ನ ನಿಲುವು ಏನು ಅಂತ ಹೇಳುವ ಕೆಲಸ ತಪ್ಪುತ್ತದೆ. ಗ್ರಹಾಂ ಮಾತು ತಪ್ಪಿದರು, ಸರಿ. ಚುನಾವಣೆ ವರ್ಷದಲ್ಲಿ ನ್ಯಾಯಮೂರ್ತಿ ನೇಮಕ ಆಗಬೇಕೋ ಬೇಡವೋ? ನಮ್ಮ ಗುಂಪಿನಲ್ಲಿ ಈ ಪ್ರಶ್ನೆ ಕೇಳಿದರೆ ಮತ್ತೆ ಶಟಲ್ ಕಾಕ್ ವಿಷಯ ಬರುತ್ತದೆ.

ಅಲ್ಲಿರೋ ನಮ್ಮ ಕನ್ನಡದವರು ಹೇಗೆ?

ನಾವೇನು ಆಕಾಶದಿಂದ ಇಳಿದವರಾ? ಇಲ್ಲಿ ಅಲ್ಪಸಂಖ್ಯಾತರಾಗಿ ನಮಗೆ ಬೇಕಾದ ಹಕ್ಕುಗಳ ಬಗ್ಗೆ ಗಟ್ಟಿಯಾಗಿ ಮಾತಾಡುವ ಕೆಲವರು, ಊರಿನ ವಿಷಯ ಬಂದಾಗ ಅದೇ ಹಕ್ಕುಗಳಿಗೆ ಮೂಗು ಮುರಿಯುತ್ತಾರೆ. ವಲಸಿಗರ ಮೇಲೆ ಬಿಗಿ ಬೇಕು ಅಂತ ಟ್ರಂಪ್ ಪರ ವಾದಿಸುತ್ತಿದ್ದ ಪರಿಚಯದವರೊಬ್ಬರು, 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಎಂದು ಘೋಷಣೆಯಾದ ರಾತ್ರಿ ನನಗೆ ನಾಲ್ಕು ಸಲ ಫೋನ್ ಮಾಡಿದರು. ಅವರ ಅಣ್ಣನ ಮಗ ಆಗ ವೀಸಾಗೆ ಪ್ರಯತ್ನಿಸುತ್ತಿದ್ದ. ನಾನು ಹಳೇ ಮಾತು ಎತ್ತಲಿಲ್ಲ. ಎತ್ತಬೇಕು ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ.

ಇಷ್ಟೆಲ್ಲ ಹೇಳ್ತೀರಲ್ಲ, ನಿಮ್ಮ ವೋಟು ಯಾರಿಗೆ?

ಯಾರಿಗೂ ಇಲ್ಲ. ನನಗೆ ಇಲ್ಲಿ ವೋಟೇ ಇಲ್ಲ. 2015ರಲ್ಲಿ ಹಾಕಿದ ಗ್ರೀನ್ ಕಾರ್ಡ್ ಅರ್ಜಿ ಇನ್ನೂ ಸರದಿಯಲ್ಲಿದೆ. ಒಂದು ದೇಶಕ್ಕೆ ಶೇ. 7ರ ಮಿತಿ, ಭಾರತದವರದ್ದು ಉದ್ದದ ಸಾಲು. 2019ರಲ್ಲಿ ಆ ಮಿತಿ ತೆಗೆಯುವ ಬಿಲ್ಲು ಕೆಳಮನೆಯಲ್ಲಿ 365–65ರಲ್ಲಿ ಪಾಸಾಗಿತ್ತು, ಎರಡೂ ಪಕ್ಷದವರು ಸೇರಿ. ಅದು ಇನ್ನೂ ಕಾನೂನಾಗಿಲ್ಲ. ಭಾರತದ ವೋಟರ್ ಪಟ್ಟಿಯಲ್ಲಿ ಹೆಸರು ಇದೆಯಾ ಅಂತ ಭಾವ ಮೊನ್ನೆ ಕೇಳಿದರು. ನೋಡಬೇಕು.